ಅಕ್ಕನ ಪರವಾಗಿ ನಾನು ಕೊಟ್ಟ ಉತ್ತರ

‘ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ವೈದ್ಯರು ಕೇಳಿದಾಗ, ಉತ್ತರ ಹೇಳುವ ಮೊದಲು ನೀವು ಹಿಂದಕ್ಕೆ ತಿರುಗಿ ಯಾರು ನಿಂತಿದ್ದಾರೆಂದು ನೋಡುತ್ತೀರಾ? ನಾನು ನೋಡಿದ್ದೆ. ಆ ನೋಟದಿಂದ ನನ್ನ ಅಕ್ಕನ ಪ್ರಾಣವೇ ಹೋಗುವುದರಲ್ಲಿತ್ತು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಅಮ್ಮ, ಅಕ್ಕ, ನಾನು ಮೂವರೇ ಇದ್ದೆವು. ಅಕ್ಕ ಸಮೀಪದ ಸಣ್ಣ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದಕ್ಕೂ ನಾಲ್ಕು ವರ್ಷ ಹಿಂದೆ ಅವಳಿಗೆ ಮನಸ್ಸಿನ ಕಾಯಿಲೆಯೊಂದು ಬಂದಿತ್ತು. ಕೆಲವು ವಾರ ನಿದ್ದೆಯೇ ಬೇಡವೆನ್ನುವ, ಮಾತು ನಿಲ್ಲದ ಉತ್ಸಾಹ. ಆಮೇಲೆ ತಲೆ ಬಾಚಿಕೊಳ್ಳಲೂ ಏಳಲಾಗದಂಥ ಕುಸಿತ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಲಿಥಿಯಂ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗುತ್ತಾ, ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾ ಅಕ್ಕ ನಮ್ಮೆಲ್ಲರಿಗಿಂತ ನೆಟ್ಟಗೆ ಬದುಕುತ್ತಿದ್ದಳು. ಆದರೆ ಆ ಮಾತ್ರೆಗೆ ನಮ್ಮ ಮನೆಯೊಳಗೂ ಅದರ ನಿಜವಾದ ಹೆಸರಿರಲಿಲ್ಲ. ಅಮ್ಮ ಅದನ್ನು ‘ರಕ್ತದ ಮಾತ್ರೆ’ ಎನ್ನುತ್ತಿದ್ದಳು. ಪರೀಕ್ಷೆಯ ದಿನ ಕಾರ್ಖಾನೆಗೆ ರಜೆ ಚೀಟಿ ಬರೆಯುವಾಗ ನಾನೂ ‘ರಕ್ತಹೀನತೆ’ ಎಂದೇ ಬರೆಯುತ್ತಿದ್ದೆ.

ಆ ದಿನಗಳಲ್ಲಿ ನಾನು ಬಡಾವಣೆಯ ಯುವಕ ಸಂಘದ ಕಾರ್ಯದರ್ಶಿ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಬಹುಮಾನಗಳಿಗಿಂತ, ಸಮಾಜವನ್ನು ವಾದದಿಂದಲೇ ತಿದ್ದಬಹುದೆಂಬ ನಂಬಿಕೆ ನನ್ನಲ್ಲಿ ದೊಡ್ಡದಾಗಿ ಉಳಿದಿತ್ತು. ಬಸವೇಶ್ವರನಗರದ ಶಾಲೆಯೊಂದರಲ್ಲಿ ಒಂದು ಭಾನುವಾರ ಉಚಿತ ಆರೋಗ್ಯ ಶಿಬಿರ ಏರ್ಪಡಿಸಿದೆವು. ಅಕ್ಕನ ಕಾರ್ಖಾನೆಯ ಹೆಣ್ಣುಮಕ್ಕಳನ್ನೂ ನಾನೇ ಹೋಗಿ ಕರೆದು ಬಂದಿದ್ದೆ. ಬೆಳಿಗ್ಗೆ ಸ್ವಾಗತ ಭಾಷಣದಲ್ಲಿ, ‘ಹೃದಯಕ್ಕೆ, ಹೊಟ್ಟೆಗೆ ಬರುವಂತೆಯೇ ಮನಸ್ಸಿಗೂ ಕಾಯಿಲೆ ಬರುತ್ತದೆ, ಮುಚ್ಚಿಡುವವರು ಕಾಯಿಲೆಯ ಕೈ ಬಲಪಡಿಸುತ್ತಾರೆ’ ಎಂದೆ. ಚಪ್ಪಾಳೆ ಬಿತ್ತು.

ಒಂದು ತಾಸಿನ ಬಳಿಕ ಅಕ್ಕನ ಸರದಿ ಬಂತು. ದಿನವಿಡೀ ತಂತಿ ಎಳೆದು ಅವಳ ಬಲಭುಜ ಮೇಲೆತ್ತಲಾಗದಷ್ಟು ನೋಯುತ್ತಿತ್ತು. ವೈದ್ಯರ ಮೇಜಿಗೆ ಪರದೆಯಿರಲಿಲ್ಲ. ಸಾಲಿನಲ್ಲಿದ್ದವರು ಕುತೂಹಲದಿಂದ ಮೇಜಿನ ಸುತ್ತಲೇ ಮುತ್ತಿಕೊಂಡಿದ್ದರು. ಒಬ್ಬರ ನೋವು ಎಲ್ಲರಿಗೂ ಕೇಳುತ್ತಿತ್ತು. ಅಕ್ಕನ ಬೆನ್ನಿಗೇ ಅವಳ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಗೆಳತಿ, ಬಾಯಿ ಸುಮ್ಮನಿರದ ಹುಡುಗಿ, ನಿಂತಿದ್ದಳು.

“ಡಾಕ್ಟ್ರೇ, ಇವಳಿಗೆ ಭುಜ ನೋವಲ್ಲ, ಸೂಪರ್‌ವೈಸರ್ ನೋವು. ಅವ್ನಿಗೊಂದು ಇಂಜೆಕ್ಷನ್ ಕೊಟ್ರೆ ನಮ್ಗೆಲ್ಲಾ ವಾಸಿಯಾಗ್ಬಿಡುತ್ತೆ” ಎಂದಳು. ಎಲ್ಲರೂ ನಕ್ಕರು.

ವೈದ್ಯರೂ ನಕ್ಕು, ಪೆನ್ನು ಎತ್ತಿ, “ಬೇರೆ ಏನಾದ್ರೂ ಮಾತ್ರೆ ತಗೋತಾ ಇದೀಯೇನಮ್ಮ?” ಎಂದು ಕೇಳಿದರು.

ಅಕ್ಕ ಬಾಯಿ ತೆರೆದಳು. ಅವಳು ಹೇಳುವವಳಿದ್ದಳು, ಇಂದಿಗೂ ನನಗೆ ಅದರಲ್ಲಿ ಸಂಶಯವಿಲ್ಲ. ನಾನು ಗೆಳತಿಯ ಮುಖ ನೋಡಿದೆ, ಅವಳ ಹಿಂದಿದ್ದ ಆರೇಳು ಮುಖಗಳನ್ನು ನೋಡಿದೆ.

“ಏನೂ ಇಲ್ಲ ಸಾರ್” ಎಂದೆ.

ಅವಳ ನೌಕರಿ ಉಳಿಸಲೆಂದು ಹಾಗೆ ಹೇಳಿದೆನೆಂದು ಬಹಳ ಕಾಲ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ, ವೇದಿಕೆಯ ಮೇಲೆ ನಿಂತವನ ಮನೆಯಲ್ಲೇ ಆ ಕಾಯಿಲೆ ಇದೆಯೆಂದು ಗೊತ್ತಾಗಬಾರದೆಂಬುದು. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ ಬಾಯಿ ಮುಚ್ಚಿಕೊಂಡಳು. ವೈದ್ಯರು ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಬರೆದರು: ದಿನಕ್ಕೆ ಮೂರು, ಊಟವಾದ ಮೇಲೆ, ಹತ್ತು ದಿನ. ಅವರದೇನೂ ತಪ್ಪಿರಲಿಲ್ಲ. ಕೇಳಬೇಕಾದುದನ್ನು ಅವರು ಕೇಳಿದ್ದರು.

ಮಂಗಳವಾರದ ಹೊತ್ತಿಗೆ ಅಕ್ಕನ ಭುಜ ಹಗುರವಾಗಿತ್ತು. “ನಿಮ್ ಕ್ಯಾಂಪು ಪರವಾಗಿಲ್ಲ ಕಣೋ” ಎಂದಳು. ಗುರುವಾರ ಅವಳಿಗೆ ವಾಂತಿ, ಭೇದಿ. ಬಿಸಿಲಿನ ದೋಷವೆಂದು ಅಮ್ಮ ಮಜ್ಜಿಗೆ ಕೊಟ್ಟಳು. ಶುಕ್ರವಾರ ಕಾರ್ಖಾನೆಯಿಂದ ಮಧ್ಯಾಹ್ನವೇ ಹಿಂತಿರುಗಿದಳು. ಕೈ ನಡುಗಿ ತಂತಿ ಹಿಡಿಯಲಾಗುತ್ತಿಲ್ಲವೆಂದಳು. ಲಿಥಿಯಂನಿಂದ ಅವಳ ಬೆರಳುಗಳಲ್ಲಿ ಸಣ್ಣ ನಡುಕ ಮೊದಲಿನಿಂದಲೂ ಇತ್ತು. ಇದು ಬೇರೆ: ನೀರಿನ ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳು ಹಾಸಿಗೆಯಿಂದ ಎದ್ದು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟು ವಾಲಿದಳು. ಮಾತು ತೊದಲುತ್ತಿತ್ತು. ಇದು ಯಾವ ವಾರವೆಂದು ಕೇಳಿದರೆ ಯೋಚಿಸಿ, ತಪ್ಪು ಹೇಳಿದಳು. ಅಮ್ಮನ ಮುಖ ಬಿಳುಚಿತು.

“ಮತ್ತೆ ಶುರುವಾಯ್ತು ಕಣೋ. ಅದೇ ಇದು” ಎಂದು ಅಡುಗೆಮನೆಯ ಗೂಡಿನಿಂದ ಲಿಥಿಯಂ ಸೀಸೆ ತಂದಳು. ಎರಡು ಮಾತ್ರೆ ಅಂಗೈಗೆ ಸುರಿದಳು. “ಬೆಳಗಿನದು ಒಂದು, ಇನ್ನೊಂದು ಜಾಸ್ತಿ. ಇವತ್ತು ತಡೀಲಿಲ್ಲ ಅಂದ್ರೆ ಬೀದೀಗೇ ಗೊತ್ತಾಗುತ್ತೆ.”

“ಅಮ್ಮ, ಬೇಡ” ಎಂದಳು ಅಕ್ಕ. ಒಂದೊಂದು ಪದವನ್ನೂ ಎಳೆದು ತಂದು ನಿಲ್ಲಿಸಿದಳು. “ಇದು ಹಂಗಲ್ಲ. ನಂದು ಹೆಂಗ್ ಬರುತ್ತೆ ಅಂತ ನಂಗೊತ್ತು. ತಲೆ ಓಡುತ್ತೆ ಆವಾಗ. ಈಗ... ಮೈ ನಿಂತೋಗಿದೆ.”

“ಕಾಯಿಲೆ ಬಂದಾಗ್ಲೂ ನೀನು ಹಿಂಗೇ ಬೇಡ ಅಂತಿದ್ದೆ ಕಣೇ. ಬಾಯಿ ತೆಗಿ.”

ಅಮ್ಮ ಒಂದು ಕೈಯಲ್ಲಿ ಅವಳ ಗಲ್ಲ ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮನ ವಾದದಲ್ಲಿ ಬಿರುಕೇ ಇರಲಿಲ್ಲ. ಕಾಯಿಲೆಯವಳ ಮಾತನ್ನು ಕಾಯಿಲೆಯೇ ಆಡಿಸುತ್ತದೆಂದುಕೊಂಡರೆ ಅವಳು ಏನು ಹೇಳಿದರೂ ಸೋಲುತ್ತಾಳೆ. ಆದರೆ ಹಾಸಿಗೆಯ ಪಕ್ಕದಲ್ಲಿ ಶಿಬಿರದಲ್ಲಿ ಹೆಸರು ಬರೆದು ಕೊಟ್ಟಿದ್ದ ಮಾತ್ರೆಯ ಕಾಗದದ ಪೊಟ್ಟಣ ಬಿದ್ದಿತ್ತು. ಅದನ್ನು ಕಂಡಾಗ ಆಸ್ಪತ್ರೆಯಲ್ಲಿ ಮೊದಲ ದಿನ ಹೇಳಿದ್ದ ಮಾತು ನೆನಪಾಯಿತು: ಹೊಸ ಮಾತ್ರೆ ಯಾವುದೇ ಇರಲಿ, ಮೊದಲು ನಮ್ಮನ್ನು ಕೇಳಿ. ನಾನು ಅಮ್ಮನ ಮಣಿಕಟ್ಟು ಹಿಡಿದೆ. ಜೀವನದಲ್ಲಿ ಅಮ್ಮನ ಮೇಲೆ ಬಲ ತೋರಿಸಿದ್ದು ಅದೊಂದೇ ಸಲ. ಮಾತ್ರೆಗಳು ನೆಲಕ್ಕೆ ಬಿದ್ದವು.

“ಅವಳು ಹೇಳಿದ್ದನ್ನ ಒಂದ್ಸಲ ಕೇಳೋಣಮ್ಮ” ಎಂದೆ. “ಆಸ್ಪತ್ರೆಗೆ ಹೋಗೋಣ. ಎರಡೂ ಮಾತ್ರೆ ತಗೊಂಡು.”

ಆಟೋ ತರಲು ಹೊರಗೆ ಬಂದರೆ ಗೇಟಿನ ಬಳಿ ಆ ಗೆಳತಿ ನಿಂತಿದ್ದಳು. ಹಿಂದಿನ ದಿನ ಮಧ್ಯಾಹ್ನವೇ ಎದ್ದುಹೋದವಳನ್ನು ವಿಚಾರಿಸಲು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದಳು. ಯಾರೂ ಕರೆಯದೆ ನಮ್ಮ ಮೂವರ ಜೊತೆ ಆಟೋ ಹತ್ತಿ, ಅಕ್ಕನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಮಾಗಡಿ ರಸ್ತೆಯಲ್ಲಿ ಲಾರಿಗಳ ಹಿಂದೆ ಆಟೋ ನಿಂತು ನಿಂತು ಸಾಗಿತು. ಅಕ್ಕನ ಕಾಲು ತಾನಾಗಿಯೇ ಅದುರುತ್ತಿತ್ತು. ಕಣ್ಣು ತೆರೆದಿದ್ದರೂ ಕರೆದರೆ ಓಗೊಡುತ್ತಿರಲಿಲ್ಲ. “ಬೇಗ ಹೊಡೀರಿ ಅಣ್ಣ” ಎಂದು ಗೆಳತಿ ಚಾಲಕನ ಬೆನ್ನು ತಟ್ಟುತ್ತಲೇ ಇದ್ದಳು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಎಳೆಯ ವೈದ್ಯೆಯೊಬ್ಬರು ಅಕ್ಕನ ಕೈಗಳನ್ನು ಮುಂದೆ ಚಾಚಿಸಿ ನೋಡಿ, ತಲೆಯೆತ್ತದೆಯೇ ಕೇಳಿದರು: “ಯಾವ ಯಾವ ಮಾತ್ರೆ ತಗೋತಿದ್ರು?”

ಗೆಳತಿ ನನ್ನ ಪಕ್ಕದಲ್ಲೇ ಇದ್ದಳು. ಅಕ್ಕ ಈಗ ತಾನಾಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

“ಲಿಥಿಯಂ, ನಾಲ್ಕು ವರ್ಷದಿಂದ” ಎಂದೆ. “ಮನಸ್ಸಿನ ಕಾಯಿಲೆಗೆ. ಭಾನುವಾರದಿಂದ ಇದು, ಭುಜ ನೋವಿಗೆ.” ಪೊಟ್ಟಣ ಮುಂದಿಟ್ಟೆ.

ವೈದ್ಯೆ ಪೊಟ್ಟಣ ನೋಡಿದವರೇ ದಾದಿಗೆ ರಕ್ತ ತೆಗೆಯಲು ಹೇಳಿದರು, ಡ್ರಿಪ್ ಹಾಕಿಸಿದರು, ಎರಡೂ ಮಾತ್ರೆ ಆ ಕ್ಷಣದಿಂದ ನಿಲ್ಲಿಸಿದರು. ಆಮೇಲೆ ನನಗೆ ವಿವರಿಸಿದರು: ಲಿಥಿಯಂ ಒಂದು ಬಗೆಯ ಲವಣ, ಮೂತ್ರಪಿಂಡ ಅದನ್ನು ಹೊರಹಾಕುತ್ತಾ ಇರಬೇಕು. ಇಂಥ ನೋವಿನ ಮಾತ್ರೆ ಆ ಕೆಲಸವನ್ನು ನಿಧಾನಗೊಳಿಸುತ್ತದೆ. ಮೇಲೆ ಬೇಸಿಗೆ, ವಾಂತಿ, ಭೇದಿ. ಮೈಯಲ್ಲಿ ನೀರೇ ಇಲ್ಲ. ಒಳಗೆ ಲಿಥಿಯಂ ವಿಷದ ಮಟ್ಟಕ್ಕೆ ಏರಿದೆ.

“ಇನ್ನೊಂದು ಮಾತ್ರೆ ಜಾಸ್ತಿ ಕೊಟ್ಟಿದ್ರೆ?” ಎಂದೆ.

“ಕೊಟ್ಟಿಲ್ಲ ಅಲ್ವಾ?” ಎಂದರು ಅವರು, ಈ ಸಲ ತಲೆಯೆತ್ತಿ.

ಹೊರಗಿನ ಬೆಂಚಿಗೆ ಬಂದು ಗೆಳತಿ ನನ್ನ ಪಕ್ಕ ಕುಳಿತಳು. ಆಮೇಲೆ, “ಅವತ್ತು ಮೈಕಿನಲ್ಲಿ ಅಷ್ಟುದ್ದ ಹೇಳಿದ್ರಲ್ಲ ಸಾರ್, ಮುಚ್ಚಿಡಬಾರ್ದು ಅಂತ. ಡಾಕ್ಟ್ರಿಗೆ ಈ ಒಂದ್ ಮಾತು ಹೇಳೋಕಾಗ್ಲಿಲ್ವ?” ಎಂದಳು.

ಮೂರನೆಯ ದಿನ ಅಕ್ಕ ನನ್ನನ್ನು ಗುರುತಿಸಿ ಬೈದಳು. ಅಮ್ಮ ಆಗ ಅತ್ತಳು. ಲಿಥಿಯಂ ಸೀಸೆಯನ್ನೇ ಚರಂಡಿಗೆ ಎಸೆಯುತ್ತೇನೆಂದು ಅಮ್ಮ ಹೊರಟಾಗ ವೈದ್ಯೆ ತಡೆದರು. ಥಟ್ಟನೆ ಬಿಟ್ಟರೆ ಹಳೆಯ ಕಾಯಿಲೆ ಮರಳಬಹುದು. ರಕ್ತ ನೋಡಿ, ಅಳತೆ ನೋಡಿ ಮತ್ತೆ ಶುರುಮಾಡುತ್ತೇವೆ ಎಂದರು. ಹಾಗೆಯೇ ಮಾಡಿದರು. ಭುಜ ನೋವಿಗೆ ಪ್ಯಾರಸಿಟಮಾಲ್ ಮತ್ತು ಬಿಸಿನೀರಿನ ಶಾಖ ಸಾಕೆಂದರು. ಅಕ್ಕನ ಕೈಯ ನಡುಕ ಪೂರ್ತಿ ಇಳಿಯಲು ತಿಂಗಳೇ ಹಿಡಿಯಿತು. ಕೆಲಸ ಕಾಯಂ ಆದದ್ದು ಮರುವರ್ಷ. ತಡವಾದದ್ದೇಕೆಂದು ಯಾರೂ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಮುಂದೆ ಯಾವ ವೈದ್ಯರ ಮುಂದೆ ಕುಳಿತರೂ ಅವಳು ಮೊದಲು ನನ್ನತ್ತ ತಿರುಗಿ, “ನೀನು ಹೊರಗಿರು, ನಾನ್ ಹೇಳ್ತೀನಿ” ಎನ್ನುತ್ತಿದ್ದಳು. ನಾನು ಹೊರಗಿರುತ್ತಿದ್ದೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಲಿಥಿಯಂ ಅಥವಾ ಮನಸ್ಸಿನ ಏರಿಳಿತ ತಡೆಯುವ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದರ ನಿಜವಾದ ಹೆಸರನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ತಲೆನೋವು, ಹಲ್ಲುನೋವು, ಮೈಕೈ ನೋವು, ಯಾವುದಕ್ಕೇ ಆಗಲಿ ಮಾತ್ರೆ ಕೊಳ್ಳುವ ಮುನ್ನ ಆ ಚೀಟಿಯನ್ನು ವೈದ್ಯರಿಗೂ ಔಷಧದ ಅಂಗಡಿಯವರಿಗೂ ತೋರಿಸಲಿ. ಮಾತ್ರೆ ತೆಗೆದುಕೊಳ್ಳುವವರು ಉತ್ತರ ಹೇಳುತ್ತಿರುವಾಗ ದಯವಿಟ್ಟು ನೀವು ನಡುವೆ ಮಾತಾಡಬೇಡಿ.