ಹಳದಿ ಗೆರೆಯಾಚೆಯ ಗಂಟೆ

ಮಿತಿ ಎಂಬ ಮಾತನ್ನು ದೊನ್ಯಾ ಎಪಿಫಾನಿಯಾ ಮೊದಲ ಸಲ ಕೇಳಿದ್ದು ಒಂದು ಭಾನುವಾರದ ಸಂತೆಯಲ್ಲಿ, ಬಾಳೆಲೆಯಲ್ಲಿ ಸುತ್ತಿದ ತಮಾಲೆ ಕಡುಬು ಬೇಯುತ್ತಿದ್ದ ಹಂಡೆಯ ಮುಚ್ಚಳ ತೆಗೆಯುತ್ತಿದ್ದಾಗ. ಆ ಮಾತು ಹೇಳಿದವನ ಬಾಯಲ್ಲಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುಂದಿನ ಹಲ್ಲುಗಳು ಉಳಿದಿರಲಿಲ್ಲ.

ಅವನ ಹೆಸರು ಅನ್ಸೆಲ್ಮೊ. ಸರ್ಕಾರದ ಕಡೆಯಿಂದ ಆಂಟೆನಾದ ಅಲೆ ಅಳೆಯಲು ಬಂದವನು. ಕೈಯಲ್ಲೊಂದು ಮೀಟರು, ಎದೆಯ ಜೇಬಿಗೆ ಸಿಕ್ಕಿಸಿದ ಸಣ್ಣದೊಂದು ಡಬ್ಬಿ. ಫೋನ್ ಕಂಪನಿಯವರು ಅತೆಸ್ಕಾ ಊರಿನ ಇಗರ್ಜಿಯ ಗಂಟೆಗೋಪುರದಲ್ಲೇ ಆಂಟೆನಾ ಕೂರಿಸಿ, ಕಾಣದಿರಲೆಂದು ಕಲ್ಲಿನ ಬಣ್ಣ ಬಳಿದು ಹೋಗಿದ್ದರು. ಅಂದಿನಿಂದ ಯಾರಿಗೆ ತಲೆ ನೋವು ಬಂದರೂ, ಯಾರ ಮನೆಯ ಟರ್ಕಿ ಕೋಳಿ ಸತ್ತರೂ ಬೆರಳು ಗೋಪುರದ ಕಡೆಗೇ ಏಳುತ್ತಿತ್ತು. ಕಟುಕ ರುಫೀನೊನ ಹೆಂಡತಿ ತಲೆಯಲ್ಲಿ ಗಡ್ಡೆ ಬೆಳೆದು ತೀರಿಕೊಂಡ ಮೇಲಂತೂ ಅದು ಬರೀ ಮಾತಾಗಿ ಉಳಿಯಲಿಲ್ಲ. ರುಫೀನೊ ಸಂತೆಯಲ್ಲಿ ಮಾಂಸ ಕಡಿಯುತ್ತ, ಒಂದೊಂದು ಏಟಿಗೂ ಒಮ್ಮೆ ತಲೆಯೆತ್ತಿ ಗೋಪುರ ನೋಡುತ್ತಿದ್ದ.

ಅನ್ಸೆಲ್ಮೊ ಚೌಕವೆಲ್ಲ ಸುತ್ತಿದ. ಶಾಲೆಯ ಬಾಗಿಲು, ನೀರಿನ ತೊಟ್ಟಿ, ಕೊನೆಗೆ ಎಪಿಫಾನಿಯಾಳ ಒಲೆ. ಏನು ಹೇಳ್ತದಪ್ಪ ನಿನ್ನ ಡಬ್ಬಿ ಎಂದು ಅವಳು ಕೇಳಿದ್ದಕ್ಕೆ, ಮಿತಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ ದೊನ್ಯಾ ಎಂದು ಮರ್ಯಾದೆಯಿಂದ ಹೇಳಿದ. ಈ ಅಲೆಗಳಿಂದ ಮೈ ಬಿಸಿಯೇರಲು ಶುರುವಾಗುವ ಮಟ್ಟ ಒಂದಿದೆಯಂತೆ. ಜನರಿಗೆ ಹಾಕಿದ ಮಿತಿ ಅದಕ್ಕಿಂತ ಐವತ್ತು ಪಟ್ಟು ಕೆಳಗಂತೆ.

"ಅಷ್ಟು ಕೆಳಗೆ ಉರಿ ಇಟ್ರೆ ನನ್ನ ತಮಾಲೆ ಮುಂದಿನ ಭಾನುವಾರಕ್ಕೂ ಬೇಯಲ್ಲ," ಅಂದಳು ಅವಳು. ಅವನು ನಕ್ಕ. ಆಗಿನ್ನೂ ಹಲ್ಲಿದ್ದವು.

ಅವನನ್ನು ಗೋಪುರಕ್ಕೆ ಹತ್ತಿಸಿಕೊಂಡು ಹೋದವನು ಗಂಟೆ ಬಾರಿಸುವ ತೊರಿಬಿಯೊ.

ತೊರಿಬಿಯೊ ಎಪಿಫಾನಿಯಾಳ ಒಬ್ಬಳೇ ಮಗಳನ್ನು ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದವನು. ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಒಡಹುಟ್ಟಿದ್ದಕ್ಕಿಂತ ಗಟ್ಟಿಯಾದ ನಂಟು. ಆ ಕೂಸು ಹಲ್ಲು ಹುಟ್ಟುವ ಮೊದಲೇ ಸತ್ತಾಗ ಅವನೇ ಮೇಲೆ ಹೋಗಿ ಗಂಟೆ ಬಾರಿಸಿದ. ಕೂಸಿಗೆ ಅಳುವ ಗಂಟೆ ಬಾರಿಸುವ ರೂಢಿ ಅಲ್ಲಿಲ್ಲ, ಹಬ್ಬದ ಗಂಟೆಯನ್ನೇ ಬಾರಿಸಬೇಕು. ಅವನು ಹಬ್ಬದ ಗಂಟೆ ಬಾರಿಸುತ್ತ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದುದು ಕೆಳಗಿದ್ದ ಅವಳೊಬ್ಬಳಿಗೆ ತಿಳಿದಿತ್ತು, ಏಕೆಂದರೆ ತಾಳ ಒಂದೆರಡು ಕಡೆ ಎಡವಿತು. ಅವಳ ಗಂಡ ಕುಡಿದವರ ಜಗಳದಲ್ಲಿ ಮಚ್ಚಿನೇಟಿಗೆ ಬಿದ್ದಾಗ ಬಾರಿಸಿದವನೂ ಅವನೇ. ಆಗ ತಾಳ ಎಡವಲಿಲ್ಲ. ಆ ಗಂಡ ಎಂಥವನೆಂದು ಅವನಿಗೆ ಗೊತ್ತಿತ್ತು.

ಗಂಟೆಯೇ ಅವನ ಎಡಗಿವಿಯನ್ನು ತಿಂದಿತ್ತು, ಎರಡು ಬೆರಳನ್ನೂ ತಿಂದಿತ್ತು. ಆದರೆ ಅವನನ್ನು ಒಳಗಿನಿಂದ ತಿನ್ನುತ್ತಿದ್ದುದು ಬೇರೆ. ಆಲಿಕಲ್ಲು ಬಿದ್ದು ಜೋಳದ ಹೊಲ ನುಗ್ಗಾದ ವರ್ಷ, ಮಕ್ಕಳ ಕಳ್ಳ ಬಂದನೆಂದು ಯಾರೋ ಕೂಗಿದರು. ತೊರಿಬಿಯೊ ಅಪಾಯದ ಗಂಟೆ ಬಾರಿಸಿದ. ಆ ಗಂಟೆ ಕೇಳಿದರೆ ಬೆಟ್ಟದ ಹಟ್ಟಿಗಳಿಂದಲೂ ಜನ ಮಚ್ಚು ಹಿಡಿದು ಇಳಿಯಲೇಬೇಕು. ಗಂಟೆ ಬಾರಿಸಿ ಮಾಡಿದ ಕೆಲಸ ಇಡೀ ಊರಿನದು. ಪೊಲೀಸರು ಬಂದು ಕೇಳಿದರೆ 'ಊರು ಮಾಡಿತು' ಎಂಬುದೊಂದೇ ಉತ್ತರ. ಗಂಟೆಯಿಲ್ಲದೆ ಮಾಡಿದರೆ ಅದು ಕೊಲೆ. ಜನ ಬಂದರು, ಆ ಮನುಷ್ಯನನ್ನು ಚೌಕದ ಮಂಟಪಕ್ಕೆ ಕಟ್ಟಿ ಸುಟ್ಟರು. ಅವನು ಬಟ್ಟೆ ಮಾರುವವನು. ಅವನ ಗಂಟಿನಲ್ಲಿದ್ದುದು ಮಕ್ಕಳ ಅಂಗಿಗಳು. ಅಪಾಯದ ಗಂಟೆಯನ್ನು ಇನ್ನೆಂದೂ ಬಾರಿಸುವುದಿಲ್ಲವೆಂದು ತೊರಿಬಿಯೊ ಶಿಲುಬೆ ಮುಟ್ಟಿ ಆಣೆ ಮಾಡಿದ.

ಈ ಭಾನುವಾರ ಗೋಪುರದ ಮೇಲೆ ನಡೆದದ್ದನ್ನು ತೊರಿಬಿಯೊನೇ ಆಮೇಲೆ ಎಪಿಫಾನಿಯಾಳಿಗೆ ಹೇಳಿದ. ದೊಡ್ಡ ಗಂಟೆಯ ಕಮಾನಿನಲ್ಲೇ ಆಂಟೆನಾ. ಗಂಟೆ ಬಾರಿಸಬೇಕಾದರೆ ಅದರ ಮುಖಕ್ಕೇ ನಿಲ್ಲಬೇಕು. ಅನ್ಸೆಲ್ಮೊ ಅಲ್ಲಿಗೆ ಕಾಲಿಟ್ಟದ್ದೇ ತಡ, ಎದೆಯ ಡಬ್ಬಿ ಹಂದಿ ಕುಯ್ದ ಹಾಗೆ ಕಿರುಚಿಕೊಂಡಿತು. ಅವನು ಹಿಂದೆ ಸರಿದು, ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ. ಇದರಿಂದಾಚೆ ಮಿತಿ ಮೀರುತ್ತದೆ, ಆಂಟೆನಾ ಚಾಲೂ ಇರುವಾಗ ದಾಟಬೇಡಿ ಅಂದ. ಇಷ್ಟು ದಿನ ಒಂದೊಂದು ಗಳಿಗೆ ನಿಂತದ್ದಕ್ಕೆ ಏನೂ ಆಗಿರುವುದಿಲ್ಲ, ಆದರೂ ಮೆಟ್ಟಿಲ ಬುಡದ ಕಬ್ಬಿಣದ ಪೆಟ್ಟಿಗೆಯಲ್ಲಿ ಸ್ವಿಚ್ ಇದೆ, ಆರಿಸಿ ಬಾರಿಸಿ. ಕಂಪನಿಯವರು ನಿಮಗೆ ಹೇಳಬೇಕಿತ್ತು ಎಂದು ಬೇಜಾರು ಮಾಡಿಕೊಂಡ. ತೊರಿಬಿಯೊ ಅವನೊಡನೆ ಇಳಿದು, ಮಧ್ಯಾಹ್ನದ ಗಂಟೆಗೆ ಹೊತ್ತಾಯಿತೆಂದು ಸ್ವಿಚ್ ಆರಿಸಿ ಮತ್ತೆ ಮೇಲೆ ಹತ್ತಿದ.

ಅತೆಸ್ಕಾದಲ್ಲಿ ಗೋಪುರದಿಂದ ಬಂದ ಸದ್ದು ಯಾವತ್ತೂ ಒಬ್ಬರದಲ್ಲ. ಸಾವು, ಬೆಂಕಿ, ಮದುವೆ, ಮೇಲೆ ಏನು ಮೊಳಗಿದರೂ ಅದು ಕೆಳಗಿನವರೆಲ್ಲರಿಗೂ ಹೇಳಿದ ಸುದ್ದಿ. ಡಬ್ಬಿಯ ಕಿರುಚಾಟವನ್ನೂ ಸಂತೆ ಹಾಗೆಯೇ ಕೇಳಿತು. ಕಮಾನಿನಲ್ಲಿ ನಿಂತವನಿಗೆ ಎಂದು ಕಿರುಚಿದ್ದನ್ನು ಇಡೀ ಊರಿಗೆಂದು ತಿಳಿಯಿತು. ಅದರ ಹಿಂದೆಯೇ ಎಲ್ಲರ ಕೈಯ ಫೋನುಗಳೂ ಸತ್ತವು.

"ನೋಡ್ರೋ," ಅಂದ ರುಫೀನೊ, ಕಟ್ಟೆಯಿಂದ ಇಳಿಯುತ್ತ. "ಕೆಳಗೆ ಏನಿಲ್ಲ ಅಂದ. ಮೇಲೆ ಕಿರುಚ್ತು. ಈಗ ಸಾಕ್ಷಿ ಆರಿಸ್ಬಿಟ್ಟು ಬರ್ತಾವ್ನೆ."

ಅನ್ಸೆಲ್ಮೊ ಇಗರ್ಜಿಯ ಬಾಗಿಲಲ್ಲಿ ಬಾಯಿ ತೆರೆಯುವಷ್ಟರಲ್ಲಿ ಮೊದಲ ಏಟು ಬಾಯಿಗೇ ಬಿತ್ತು. ಆಮೇಲೆ ಏಟಿಗೆ ಲೆಕ್ಕವಿರಲಿಲ್ಲ. ತರಕಾರಿ ಮಾರುವ ಹೆಂಗಸರು ಕಾಲಲ್ಲಿ ಒದ್ದರು. ಯಾರೋ ಮೀಟರನ್ನು ಅವನ ತಲೆಯ ಮೇಲೇ ಕುಟ್ಟಿ ಪುಡಿ ಮಾಡಿದರು. ಅವನು ಬಂದಿದ್ದ ಗಾಡಿಯನ್ನು ಮಗುಚಿ ಬೆಂಕಿ ಇಟ್ಟರು. ಅವನನ್ನು ಕೂದಲು ಹಿಡಿದು ಎಳೆದು ಮಂಟಪದ ಕಂಬಿಗೆ ಕಟ್ಟಿದರು, ಬಟ್ಟೆ ಮಾರುವವನನ್ನು ಕಟ್ಟಿದ ಅದೇ ಕಂಬಿಗೆ. ಪೆಟ್ರೋಲ್ ಸುರಿದರು. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಎಪಿಫಾನಿಯಾ ಹಂಡೆಯ ಹಬೆಯ ಹಿಂದೆಯೇ ನಿಂತಿದ್ದಳು.

ಇನ್ನು ಬೇಕಿದ್ದುದು ಗಂಟೆ. ಬಾರಿಸು ತೊರಿಬಿಯೊ ಎಂದು ಜನ ಕೂಗಿದರು. ಅವನು ಕಮಾನಿಗೆ ಬಂದು ನಿಂತ.

"ಆ ಸದ್ದು ನಿಮಗಲ್ಲ, ಇಲ್ಲಿ ನಿಲ್ಲೋ ನನಗೆ," ಅಂದ. "ಬಿಡ್ರೋ ಅವನ್ನ."

"ನಿನ್ಗೂ ಕಂಪನಿ ಎಲುಬು ಹಾಕ್ಯದಾ, ಕೆಪ್ಪ?" ಅಂದ ರುಫೀನೊ. "ಬಾರಿಸ್ತೀಯೋ, ನಾನೇ ಬರ್ಲೋ?"

"ಬಾ. ಬಾರಿಸೋಕೆ ಏನಾದ್ರೂ ಉಳಿದಿದ್ರೆ ಬಾರಿಸು."

ಗಂಟೆಯ ನಾಲಗೆಯನ್ನು ತೂಗುಹಾಕಿದ್ದು ಹೋರಿಯ ಚರ್ಮದ ಪಟ್ಟಿಯಲ್ಲಿ. ವರ್ಷಕ್ಕೊಮ್ಮೆ ಹೊಸ ಚರ್ಮ ಕೊಡುವ ಹರಕೆ ರುಫೀನೊನ ಮನೆತನದ್ದು. ಆ ತೂಕ ಎತ್ತಿ ಹಿಡಿದು ಕಟ್ಟಲು ತೋಳೂ ಅವನದೇ ಬೇಕು. ತೊರಿಬಿಯೊ ಸೊಂಟದ ಮಚ್ಚು ತೆಗೆದು ಪಟ್ಟಿಯನ್ನು ಕಡಿದ. ಕಬ್ಬಿಣದ ನಾಲಗೆ ಕಮಾನಿಗೆ ಬಡಿದು, ಗಾಳಿಯಲ್ಲಿ ಒಮ್ಮೆ ಹೊರಳಿ, ಇಗರ್ಜಿಯ ಅಂಗಳದ ಕಲ್ಲುಚಪ್ಪಡಿಯನ್ನು ಸೀಳಿಕೊಂಡು ನಾಟಿತು. ನೆಲ ನಡುಗಿತು. ಜನರೆಲ್ಲ ಆ ಕಡೆಗೆ ನುಗ್ಗಿದರು, ರುಫೀನೊ ಮೆಟ್ಟಿಲ ಕಡೆಗೆ.

ಆಗ ಎಪಿಫಾನಿಯಾ ಹಂಡೆ ಎತ್ತಿಕೊಂಡು ಓಡಿದಳು. ಮಂಟಪದಲ್ಲಿ ಪೆಟ್ರೋಲ್ ಡಬ್ಬ ಹಿಡಿದು ಉಳಿದಿದ್ದವನ ಕಾಲ ಮೇಲೆ ಕುದಿಯುವ ಹಂಡೆಯನ್ನು ಮಗುಚಿದಳು. ಅವನು ಉರುಳಾಡುತ್ತಿದ್ದಂತೆ, ಬಾಳೆಲೆ ಕೊಯ್ಯುವ ಚಾಕುವಿನಿಂದ ಹಗ್ಗ ಕತ್ತರಿಸಿದಳು. ಹಗ್ಗದ ಜೊತೆ ಅನ್ಸೆಲ್ಮೊನ ಮುಂಗೈಯೂ ಕೊಯ್ದುಹೋಯಿತು. ಅವನನ್ನು ಹೆಗಲಿಗೆ ಹಾಕಿಕೊಂಡು, ಉರಿಯುವ ಗಾಡಿಯ ಹೊಗೆಯ ಮರೆಯಲ್ಲಿ ಹಳ್ಳದ ದಾರಿಗೆ ಇಳಿಸಿ, "ಓಡು, ತಿರುಗಿ ನೋಡಿದ್ಯೋ ನಾನೇ ಕೊಲ್ತೀನಿ," ಅಂದಳು.

ಅವನು ಬದುಕಿದ.

ಅವಳು ಹಿಂತಿರುಗಿದಾಗ ಗೋಪುರದ ಮೆಟ್ಟಿಲುಗಳಲ್ಲಿ ರಕ್ತವಿತ್ತು. ರುಫೀನೊ ಮೇಲಿನಿಂದ ಕೆಳಗಿನವರೆಗೆ ತೊರಿಬಿಯೊನನ್ನು ಹೊಡೆದುಕೊಂಡೇ ಬಂದಿದ್ದ. ಮುಷ್ಟಿಯಲ್ಲಿ, ಮೊಣಕಾಲಲ್ಲಿ, ಗೋಡೆಗೆ ತಲೆ ಚಚ್ಚಿ. ಕೆಳಗೆ ಬಂದು ನೋಡಿದರೆ ಕಂಬಿ ಖಾಲಿ, ಗಂಟೆ ಮೂಕ, ಜನ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಬುಟ್ಟಿ ಕಟ್ಟುತ್ತಿದ್ದರು. ರುಫೀನೊ ಕಟ್ಟೆಯ ಮೇಲೆ ಕುಳಿತು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಪೊಲೀಸರು ಬಂದರು. ಯಾರೂ ಏನೂ ಕಂಡಿರಲಿಲ್ಲ. ಕಂಪನಿಯವರು ಬಂದು ಆಂಟೆನಾವನ್ನು ಮತ್ತೆ ಚಾಲೂ ಮಾಡಿ ಹೋದರು.

ತೊರಿಬಿಯೊನನ್ನು ಎಪಿಫಾನಿಯಾ ತನ್ನ ಚಾಪೆಯ ಮೇಲೆ ಮಲಗಿಸಿಕೊಂಡಳು. ಪಕ್ಕೆಲುಬು ಮುರಿದು ಒಳಗೆ ಚುಚ್ಚಿತ್ತು. ಕೆಮ್ಮಿದರೆ ಬಟ್ಟಲಿಗೆ ರಕ್ತ ಬರುತ್ತಿತ್ತು. ಅವಳು ಜೋಳದ ಗಂಜಿಯಲ್ಲಿ ಬೆರಳದ್ದಿ ಅವನ ತುಟಿಗೆ ಹಚ್ಚುತ್ತಿದ್ದಳು. ರುಫೀನೊನ ಕೈ ಮುರಿಯಲಿ, ವಂಶ ನಿಲ್ಲಲಿ ಎಂದು ಶಪಿಸುತ್ತಿದ್ದಳು. ತೊರಿಬಿಯೊ ಕೆಪ್ಪ ಕಿವಿಯನ್ನೇ ಅವಳ ಕಡೆ ತಿರುಗಿಸಿ ಮಲಗುತ್ತಿದ್ದ. ರುಫೀನೊನ ಹೆಂಡತಿ ಸತ್ತಾಗ ನಾನು ಬಾರಿಸಿದೆ ಕೊಮಾದ್ರೆ, ಅವನು ಕೆಳಗೆ ನಿಂತು ಗಂಟೆ ನಿಲ್ಲಿಸಬೇಡ ಅಂತ ಕೂಗ್ತಿದ್ದ ಎಂದು ಒಮ್ಮೆ ಹೇಳಿದ.

ಒಂದು ಬೆಳಿಗ್ಗೆ ಪಾದ್ರಿಗಳು ಬಂದು ತೊರಿಬಿಯೊಗೆ ಕೊನೆಗಾಲದ ಎಣ್ಣೆ ಹಚ್ಚಿ ಹೋದರು. ಎಪಿಫಾನಿಯಾ ಬಾಗಿಲು ತೆರೆದರೆ ಹೊಸ್ತಿಲಲ್ಲಿ ಸುತ್ತಿಟ್ಟ ಹಸಿ ಹೋರಿಚರ್ಮ ಇತ್ತು. ಇಟ್ಟವರು ಕಾಣಲಿಲ್ಲ. ಅವಳು ಅದನ್ನು ಬೀದಿಗೆ ಒದೆಯಲು ಕಾಲೆತ್ತಿದಳು. ಒಳಗಿನಿಂದ ತೊರಿಬಿಯೊಗೆ ವಾಸನೆ ಬಡಿದಿತ್ತು. ಕರೆದ. ಅವಳು ಬಂದು ಬಗ್ಗಿದಳು.

"ನನ್ನ ಸಾವಿನ ಗಂಟೆ ರುಫೀನೊನೇ ಕಟ್ಟಲಿ, ಅವನೇ ಬಾರಿಸ್ಲಿ," ಅಂದ. ಉಸಿರು ಹಿಡಿಯಲು ಹೊತ್ತಾಯಿತು. "ಆದ್ರೆ ಮೇಲೆ ಹತ್ತೋಕೆ ಮುಂಚೆ ನೀವೇ ಹೋಗಿ ಆ ಸ್ವಿಚ್ಚು ಆರಿಸಿ, ಕೊಮಾದ್ರೆ. ಅವನಿಗೆ ಆ ಹಳದಿ ಗೆರೆ ಗೊತ್ತಿಲ್ಲ."