ಖಾಲಿ ಹೋದ ತಟ್ಟೆ

ಉಪವಾಸದ ತಿಂಗಳು ಬಂದರೆ ನಮ್ಮಲ್ಲಿ ಹೊಟ್ಟೆಗಿಂತ ಹೆಚ್ಚು ದಣಿಯುವುದು ಹೆಂಗಸರ ಕೈ. ಪಕ್ಕದ ಮನೆಯಿಂದ ಒಂದು ತಟ್ಟೆ ಸಮೋಸ ಬರುತ್ತದೆ. ಆ ತಟ್ಟೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ಇಲ್ಲ, ಕಟ್ಲೆಟ್ ಆದರೂ ಇಡಬೇಕು. ನಮ್ಮ ತಟ್ಟೆ ಅಲ್ಲಿಗೆ ಹೋದರೆ ಅವರೂ ಹಾಗೆಯೇ. ತಿಂಗಳಿಡೀ ತಟ್ಟೆಗಳು ಬಾಗಿಲಿಂದ ಬಾಗಿಲಿಗೆ ತಿರುಗುತ್ತಿರುತ್ತವೆ. ತಿನ್ನುವವರು ಯಾರೆಂದು ಮಾತ್ರ ಕೇಳಬೇಡಿ, ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಇಡಲಿಕ್ಕೂ ಜಾಗ ಇರುವುದಿಲ್ಲ.

ನಮ್ಮ ಫ್ಲ್ಯಾಟ್ ಬಿಜೈಯಲ್ಲಿ. ಮಗ ಗಲ್ಫಿನಲ್ಲಿದ್ದಾನೆ. ಸೊಸೆ ಕೊಡಿಯಾಲ್‌ಬೈಲಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟ್ ಮಾಡುವ ಕೆಲಸದಲ್ಲಿದ್ದಾಳೆ. ಬೆಳಗಿನ ಜಾವ ಸಹ್ರಿಯ ಊಟಕ್ಕೆ ಎಲ್ಲರಿಗಿಂತ ಮೊದಲು ಏಳುವವಳು ಅವಳು, ಸಂಜೆ ಬಂದು ಬುರ್ಖಾ ತೆಗೆಯುವ ಮೊದಲು ಒಲೆ ಹಚ್ಚುವವಳೂ ಅವಳೇ. ನನ್ನ ಮೊಣಕಾಲು ಹೋಗಿದೆ. ಕುಳಿತಲ್ಲಿಂದ ಹಿಟ್ಟು ನಾದಿ ಕೊಡುತ್ತೇನೆ, ಎಣ್ಣೆಯ ಮುಂದೆ ನಿಲ್ಲಲಿಕ್ಕೆ ಆಗುವುದಿಲ್ಲ.

ಹೋದ ವರ್ಷ ಒಂದು ಸಂಜೆ ಸ್ಕೂಟರಿನ ಶಬ್ದ ಬಂತು, ಸೊಸೆ ಬರಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಹೆಲ್ಮೆಟ್ ಹಾಕಿಕೊಂಡೇ ಸ್ಕೂಟರಿನ ಮೇಲೆ ಕುಳಿತಿದ್ದಳು. ಲಿಫ್ಟಿನಲ್ಲಿ ಇಳಿದೆ.

“ಎಂತ ಮಾರಾಯ್ತಿ, ಇಳಿಯಲಿಕ್ಕೆ ಮನಸ್ಸಿಲ್ಲವಾ?”

“ಮೇಲೆ ಬಂದರೆ ಆ ತಟ್ಟೆ ಉಂಟಲ್ಲ ಮಾಮಿ. ಪಕ್ಕದ ಮನೆಯದ್ದು. ಮೊನ್ನೆಯಿಂದ ಹಾಗೇ ಉಂಟು. ನೋಡಿದರೆ ಎದೆ ಹೊಡ್ಕೊಳ್ತದೆ.” ಹೆಲ್ಮೆಟಿನ ಗಾಜು ಎತ್ತಲಿಲ್ಲ. “ನನಗೆ ಬಚ್ಚಿ ಹೋಗಿದೆ, ಇನ್ನು ಕೈಕಾಲು ಓಡುವುದಿಲ್ಲ. ನಾಳೆ ಕೆಲಸ ಬಿಡ್ತೇನೆ ಅಂತ ಆಫೀಸಿನಲ್ಲಿ ಹೇಳಿ ಬರ್ತೇನೆ.”

ನನಗೆ ಸಿಟ್ಟು ಬಂತು. ಆ ಕೆಲಸ ಅವಳಿಗೆ ಇಷ್ಟ. ಗಿರಾಕಿಗಳ ಫೋನು ಬಂದಾಗ ಅವಳ ಸ್ವರ ಗಟ್ಟಿಯಾಗುವುದನ್ನು ನಾನು ಕೇಳಿದ್ದೇನೆ. ಅಡುಗೆಮನೆಯಲ್ಲಿ ಆ ಸ್ವರ ಬರುವುದಿಲ್ಲ.

“ಬಿಡುವುದಾದರೆ ಸಮೋಸ ಬಿಡು. ಕೆಲಸ ಯಾಕೆ ಬಿಡ್ತಿ?”

“ಜನ ಎಂತ ಹೇಳ್ತಾರೆ?”

“ಅವರಿಗೂ ಉಪವಾಸ. ಹೆಚ್ಚು ಹೇಳಲಿಕ್ಕೆ ಶಕ್ತಿ ಇರುವುದಿಲ್ಲ, ಇಳಿ.”

ಆ ದಿನ ಖರ್ಜೂರ, ಗಂಜಿಯಲ್ಲೇ ಉಪವಾಸ ಬಿಟ್ಟೆವು. ನಮಾಜು ಮುಗಿಸಿ ತಟ್ಟೆ ತೊಳೆದು ಒರೆಸಿದೆ. ಬಾಗಿಲ ತನಕ ಹೋಗಿ ಹಿಂದೆ ಬಂದೆ, ಇನ್ನೊಮ್ಮೆ ಒರೆಸಿದೆ. ಇಷ್ಟು ವಯಸ್ಸಾದರೂ ಖಾಲಿ ತಟ್ಟೆ ಹಿಡಿದು ಯಾರ ಬಾಗಿಲಿಗೂ ಹೋದವಳಲ್ಲ.

ಪಕ್ಕದ ಮನೆಯವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. “ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ?”

“ಎಲ್ಲರೂ ಹುಷಾರಿದ್ದೇವೆ. ಮಾಡಲಿಕ್ಕೆ ಆಗುವುದಿಲ್ಲ, ಅಷ್ಟೆ. ನೀವೂ ಇನ್ನು ಕಳಿಸಬೇಡಿ.”

ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿತು. ಆಮೇಲೆ ಹಬ್ಬದ ತನಕ ಅವಳು ಲಿಫ್ಟಿನಲ್ಲಿ ನನ್ನ ಮುಖ ನೋಡಲಿಲ್ಲ. ಅವಳ ತಮ್ಮ ನನ್ನ ಮಗ ಇರುವ ಊರಿನಲ್ಲೇ ಇರುವುದು. ಮರುದಿನವೇ ಮಗನ ಫೋನು.

“ಉಮ್ಮ, ಖಾಲಿ ತಟ್ಟೆ ಕೊಟ್ಟಿರಂತೆ? ನಮ್ಮ ಮರ್ಯಾದೆ ಎಂತ ಆಗ್ಬೇಕು?”

“ಮರ್ಯಾದೆ ಬೇಕಾದರೆ ನೀನು ಅಲ್ಲಿಂದ ಕರಿದು ಕಳಿಸು. ಬಿಸಿ ಇರಲಿ.”

ಅವನು ಮಾತು ಬದಲಿಸಿ ನನ್ನ ಮೊಣಕಾಲು ವಿಚಾರಿಸಿದ.

ಸೊಸೆ ಆಫೀಸಿಗೆ ಹೋದಳು, ಕೆಲಸ ಬಿಡುವ ಮಾತು ಎತ್ತದೆ ಬಂದಳು. ಬಂದವಳಿಗೆ ಎಲ್ಲಿ ಕುಳಿತುಕೊಳ್ಳಬೇಕೆಂದು ಗೊತ್ತಾಗಲಿಲ್ಲ. ಹಾಲಿಗೆ ಹೋದಳು, ಅಡುಗೆಮನೆಗೆ ಬಂದಳು, ಒಣಗಿದ ಬಟ್ಟೆ ಎತ್ತಿಕೊಂಡಳು. ನಾನೂ ಸುಮ್ಮನೆ ಇರಲಾಗದೆ ಡಬ್ಬಿಗಳನ್ನು ಅಲ್ಲಿಂದ ಇಲ್ಲಿಗೆ ಇಡುತ್ತಿದ್ದೆ.

“ಎಂತಾದರೂ ಮಾಡ್ಲಾ ಮಾಮಿ?”

“ಬಟ್ಟೆ ಅಲ್ಲಿಡು. ಮಲಗು.”

“ನಿದ್ದೆ ಬರುವುದಿಲ್ಲ.”

“ಬರದಿದ್ದರೆ ಸುಮ್ಮನೆ ಬಿದ್ದುಕೊ. ಅದನ್ನೂ ಕಲಿಯಬೇಕಾಗ್ತದೆ.”

ಸೋಫಾದಲ್ಲಿ ಮಲಗಿದಳು. ಕಣ್ಣು ಮುಚ್ಚಿದ್ದರೂ ಒಂದು ಪಾದ ಅಲ್ಲಾಡುತ್ತಲೇ ಇತ್ತು. ನಾನು ಅದನ್ನೇ ನೋಡುತ್ತಾ ಕುಳಿತೆ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವ ಸ್ವಲ್ಪ ಮೊದಲು ಅದು ನಿಂತಿತು.