ಹೊಟ್ಟೆನೋವಿನ ರಜೆ

ಮುದ್ದೇಬಿಹಾಳದಿಂದ ನಾಲತವಾಡಕ್ಕೆ ಹೋಗುವ ರಸ್ತೆಯ ಕೆಲಸಕ್ಕೆ ನಾವಿಬ್ಬರು ಓವರ್‌ಸೀಯರ್‌ಗಳಿದ್ದೆವು. ಇನ್ನೊಬ್ಬ ಹೊರ್ತಿಯ ಮುಸಲ್ಮಾನ, ನನಗಿಂತ ಎರಡು ವರ್ಷ ದೊಡ್ಡವನು. ಒಂದೇ ಖೋಲಿಯಲ್ಲಿ ಇರುತ್ತಿದ್ದೆವು, ಒಂದೇ ಡಬ್ಬಿಯಿಂದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಅವನಿಗೆ ರಸ್ತೆಯೆಂದರೆ ಜೀವ. ಇಂಜಿನಿಯರಿಂಗ್ ಡಿಪ್ಲೊಮಾ ಮಾಡಿಯೂ ನನಗೆ ರಸ್ತೆಗೆ ಹಾಕುವ ಖಡಿಯ ರಾಶಿ ಅಳೆದು ಅಳೆದು ತಲೆ ಕೆಟ್ಟಿತ್ತು. ವರ್ಗವಾದಾಗಲೆಲ್ಲ ಹಾಸಿಗೆ ಸುತ್ತಿಕೊಂಡು ಹೊರಡುವುದು ಸಾಕು, ಬ್ಯಾಂಕಿನಲ್ಲಿ ನೆರಳಿಗೆ ಕೂಡಬೇಕು ಅನ್ನಿಸಿತು. ಗುಟ್ಟಾಗಿ ಪುಸ್ತಕ ತರಿಸಿ ವಾಣಿಜ್ಯದ ಪರೀಕ್ಷೆಗೆ ಕಟ್ಟಿದೆ.

ಅವನಿಗೆ ಹೇಳಲಿಲ್ಲ. ನಪಾಸಾದರೆ ನಗುತ್ತಾನೆಂಬ ಹೆದರಿಕೆ, ಪಾಸಾದರೆ ಅವನನ್ನು ಬಿಟ್ಟು ಹೋಗಬೇಕಲ್ಲ ಎಂಬ ನಾಚಿಕೆ. ಓದಲು ರಜೆ ಬೇಕಾದಾಗಲೆಲ್ಲ ಹೊಟ್ಟೆನೋವು ಅಂದೆ.

"ನೀ ಮಲಗು. ನಿನ್ನ ಕೆಲಸಾನೂ ನಾನಽ ನೋಡಿ ಬರ್ತೇನಿ," ಎಂದು ಅವನು ಸೈಕಲ್ ಹತ್ತುತ್ತಿದ್ದ. ಅವನು ಮರೆಯಾದ ಕೂಡಲೇ ನಾನು ಪುಸ್ತಕ ತೆಗೆಯುತ್ತಿದ್ದೆ. ಅದು ರಮಜಾನ್ ತಿಂಗಳು. ಬಾಯಿಗೆ ಹನಿ ನೀರಿಲ್ಲದೆ ಅವನು ನನ್ನ ಪಾಲಿನ ಬಿಸಿಲಲ್ಲೂ ತಿರುಗಿದ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓದಿದೆ.

ಬಿಜಾಪುರದಲ್ಲಿ ಪರೀಕ್ಷೆ. ಅಢಾವೆ ಪತ್ರಿಕೆಯ, ಅಂದರೆ ಬ್ಯಾಲೆನ್ಸ್ ಶೀಟಿನ, ಎರಡೂ ಬದಿಯ ಮೊತ್ತ ಒಂದೇ ಆಗಬೇಕು. ನನ್ನದು ಎಷ್ಟು ತಿಣುಕಿದರೂ ಆಗಲಿಲ್ಲ. ರಸ್ತೆಯ ಅಂದಾಜುಪಟ್ಟಿ ಬರೆಯುವಾಗ ಕೊನೆಗೆ 'ಸಾದಿಲ್ವಾರು', ಅಂದರೆ ಚಿಲ್ಲರೆ ಖರ್ಚು, ಎಂದು ಒಂದಿಷ್ಟು ಸೇರಿಸಿ ಮೊತ್ತ ದುಂಡಗೆ ಮಾಡುವುದು ನಮ್ಮ ರೂಢಿ. ಓವರ್‌ಸೀಯರನ ಕೈ ಸುಮ್ಮನಿದ್ದೀತೆ? ಸಾದಿಲ್ವಾರು ಎಂದು ಬರೆದು, ಎರಡೂ ಬದಿ ಸರಿ ಮಾಡಿ, ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದು ಬಂದೆ. ಆ ಒಂದು ವಿಷಯದಲ್ಲಿ ನಪಾಸು.

ಫಲಿತಾಂಶ ಬಂದ ದಿನ ಖೋಲಿಯಲ್ಲಿ ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಬಹಳ ಸಂಕಟವಾಯಿತು. ಈ ಫಜೀತಿ ಕೇಳಿ ನನ್ನಷ್ಟೇ ನಗಬಲ್ಲವನು ಅವನೊಬ್ಬನೇ, ಅವನಿಗೇ ಹೇಳುವಂತಿರಲಿಲ್ಲ.

ಮರುವರ್ಷ ಪಾಸಾದೆ. ಬಸವನ ಬಾಗೇವಾಡಿಯ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಬಿಸಿಲು ಹೊಟ್ಟೆಗೆ ಒಗ್ಗದೆಂದೇ ಓದಿಕೊಂಡೆ ಎಂದು ಅವನಿಗೆ ಇನ್ನೊಂದು ಸುಳ್ಳು ಹೇಳಿ ಹೊರಟೆ. "ಛಲೋ ಆತು ಬಿಡು, ನೆರಳಾಗ ಇರ್ತಿ," ಎಂದು ನನ್ನ ಟ್ರಂಕು ಹೊತ್ತು ಬಸ್ಸಿಗೆ ಹಾಕಿದ.

ಬ್ಯಾಂಕಿನಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಅವರವರ ಡಬ್ಬಿ ಅವರವರದು. ಒಂದು ದಿನ ಊಟದ ಹೊತ್ತಿಗೆ ಸಾದಿಲ್ವಾರಿನ ಕತೆ ಹೇಳಿದೆ. "ಹಂಗಂದ್ರ ಏನ್ರಿ?" ಎಂದರು. ಬಿಡಿಸಿ ಹೇಳಿದೆ. ಹೌದೇನ್ರಿ ಎಂದು ಕೈ ತೊಳೆಯಲು ಎದ್ದರು. ಆವತ್ತಿನಷ್ಟು ಒಂಟಿ ನಾನು ರಸ್ತೆಯ ಮೇಲೂ ಆಗಿರಲಿಲ್ಲ.

ಎರಡು ವರ್ಷದ ಮೇಲೆ, ಅವನು ಮದುವೆಯಾಗಿ ಸಿಂದಗಿಯಲ್ಲಿದ್ದಾಗ, ಎಲ್ಲವನ್ನೂ ಹೇಳಿಯೇ ಬಿಡಬೇಕೆಂದು ಒಂದು ಭಾನುವಾರ ಹೋದೆ. ಊಟಕ್ಕೆ ಕೂತೆವು. ಅವನ ತಾಟಿನಲ್ಲಿ ರೊಟ್ಟಿ, ಕೆಂಪನೆಯ ಎಣಗಾಯಿ. ನನ್ನ ಮುಂದೆ ಮೆತ್ತಗಿನ ಅನ್ನ, ಮಜ್ಜಿಗೆ.

"ನಿಮಗ ಖಾರ ನಡಿಯೂದಿಲ್ಲಂತ ಇವರು ಮೊದಲಽ ಹೇಳ್ಯಾರ್ರಿ," ಎಂದರು ಅವನ ಹೆಂಡತಿ.

"ಇನ್ನೀಟು ಮಜ್ಜಿಗಿ ಹಾಕು," ಎಂದ ಅವನು. "ಭಾಳ ತ್ರಾಸ ತಗೊಂಡಾನ ಇವ."

ಅನ್ನವನ್ನೆಲ್ಲ ಉಂಡೆ. ಹೇಳಲು ಹೋದದ್ದನ್ನು ಹೇಳದೆ ಸಂಜೆಯ ಬಸ್ಸಿಗೆ ಬಂದೆ. ಈಗಲೂ ಅವನ ಮನೆಯಲ್ಲಿ ನನಗೆ ಖಾರ ಬಡಿಸುವುದಿಲ್ಲ.